ಕಾರ್ನ್‌ಫ್ಲೋರ್ ಇಲ್ಲದ ತೆರಿಯಾಕಿ

ಮುಂಬೈಯ ದೊಡ್ಡ ದಿನಸಿ ಮಳಿಗೆಗಳ ಸಾಸ್ ಕಪಾಟಿನಲ್ಲಿ ಕೆಚಪ್ ಮತ್ತು ಶೆಜ್ವಾನ್ ಚಟ್ನಿಗಳ ಪಕ್ಕಕ್ಕೆ ಈಗ ತೆರಿಯಾಕಿಯೂ ಬಂದು ನಿಂತಿದೆ. ಬಾಟಲಿಯನ್ನು ತಿರುಗಿಸಿ ಹಿಂಬದಿಯ ಚೀಟಿಯನ್ನು ಓದಿದರೆ ಸಾಮಾನ್ಯವಾಗಿ ಕಾಣುವುದು ಸಕ್ಕರೆ, ನೀರು, ಸೋಯಾ ಸಾಸ್, ವಿನೆಗರ್, ಬೆಳ್ಳುಳ್ಳಿ ಮತ್ತು ಸಾಸನ್ನು ಮಂದವಾಗಿಸಲು ಹಾಕಿದ ಯಾವುದಾದರೊಂದು ಪಿಷ್ಟ. ಇದನ್ನು ತೆರಿಯಾಕಿ ಎಂದು ಕರೆಯುವುದಕ್ಕೆ ನನ್ನ ತಕರಾರು ಇರುವುದು ಆ ಕೊನೆಯ ಪದಾರ್ಥದ ಬಗ್ಗೆ. ಜಪಾನಿನ ಮನೆಗಳಲ್ಲಿ ತೆರಿಯಾಕಿ ಎನ್ನುವುದು ಮೊದಲಿಗೆ ಒಂದು ಬೇಯಿಸುವ ಕ್ರಮ. ಸುಡುತ್ತಿರುವ ಅಥವಾ ಕಾವಲಿಯಲ್ಲಿ ಬೇಯುತ್ತಿರುವ ಮೀನಿನ ಮೇಲೆ ಸೋಯಾ ಸಾಸ್, ಮಿರಿನ್ ಎಂಬ ಸಿಹಿ ಅಡುಗೆ ಮದ್ಯ, ಸಾಕೆ ಎಂಬ ಅಕ್ಕಿಯ ಮದ್ಯ ಮತ್ತು ಸಕ್ಕರೆ ಕೂಡಿದ ದ್ರವವನ್ನು ಮತ್ತೆ ಮತ್ತೆ ಸವರಿ, ಅದು ಬತ್ತಿ ಮೈಗೆ ಅಂಟಿ ಹೊಳೆಯುವಂತೆ ಮಾಡುವ ಕೆಲಸ. ಆ ದ್ರವಕ್ಕೆ ಅವರಲ್ಲಿ ‘ತಾರೆ’ ಎನ್ನುತ್ತಾರೆ. ಹೊಳಪು ಬರುವುದು ಸಕ್ಕರೆ ಬತ್ತುವುದರಿಂದ. ಕಾರ್ನ್‌ಫ್ಲೋರ್ ಕದಡಿ ಹಾಕಿದರೆ ಸಿಗುವುದು ಗ್ರೇವಿ ಮಾತ್ರ. ಮನೆಯಲ್ಲಿ ತೆರಿಯಾಕಿ ಮಾಡಹೊರಟವರು ಇಷ್ಟನ್ನು ಒಪ್ಪಿಕೊಂಡರೆ ಮಿಕ್ಕ ಎಲ್ಲ ತೀರ್ಮಾನಗಳೂ, ಅಂದರೆ ಯಾವ ಸೋಯಾ ಸಾಸ್ ಕೊಳ್ಳಬೇಕು, ಮಿರಿನ್ ಸಿಗದಿದ್ದರೆ ಏನು ಹಾಕಬೇಕು, ಒಲೆಯನ್ನು ಯಾವಾಗ ಆರಿಸಬೇಕು ಎಂಬವೆಲ್ಲ, ತಾವಾಗಿಯೇ ತಿಳಿಯುತ್ತಾ ಹೋಗುತ್ತವೆ.

ನಾಲ್ಕೇ ಪದಾರ್ಥಗಳಿರುವ ಅಡುಗೆಯಲ್ಲಿ ಒಂದು ಕಳಪೆಯಾದರೂ ಅದು ಅಡಗಿ ಕೂರಲು ಜಾಗವಿರುವುದಿಲ್ಲ. ಆದ್ದರಿಂದ ಸೋಯಾ ಸಾಸಿನ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ. ಜಪಾನಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ‘ಕೊಯ್‌ಕುಚಿ’ ಎಂಬ ಸೋಯಾ ಸಾಸನ್ನು ಹೆಚ್ಚುಕಡಿಮೆ ಸಮಪ್ರಮಾಣದ ಸೋಯಾ ಅವರೆ ಮತ್ತು ಹುರಿದ ಗೋಧಿಯಿಂದ ಮಾಡುತ್ತಾರೆ. ಅವೆರಡಕ್ಕೂ ‘ಆಸ್ಪರ್ಜಿಲಸ್ ಒರೈಝೆ’ ಎಂಬ ಬೂಷ್ಟನ್ನು ಹಿಡಿಸಿ, ಬಳಿಕ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹುದುಗಲು ಬಿಡುತ್ತಾರೆ. ಬೂಷ್ಟಿನ ಕಿಣ್ವಗಳು ಸೋಯಾದ ಪ್ರೋಟೀನನ್ನು ಅಮೈನೋ ಆಮ್ಲಗಳಾಗಿಯೂ ಗೋಧಿಯ ಪಿಷ್ಟವನ್ನು ಸಕ್ಕರೆಯಾಗಿಯೂ ಒಡೆಯುತ್ತವೆ. ಆ ಸಕ್ಕರೆಯ ಒಂದಂಶ ಯೀಸ್ಟಿನ ಕೈಗೆ ಸಿಕ್ಕಿ ಸುವಾಸನೆಯಾಗುತ್ತದೆ. 1908ರಲ್ಲಿ ಟೋಕಿಯೊದ ರಸಾಯನ ವಿಜ್ಞಾನಿ ಕಿಕುನಾಯೆ ಇಕೆದಾ ಅವರು ಕೊಂಬು ಎಂಬ ಕಡಲಪಾಚಿಯ ಸಾರಿನಿಂದ ಬೇರ್ಪಡಿಸಿ ಉಮಾಮಿ ಎಂದು ಕರೆದ ರುಚಿಗೆ ಕಾರಣವಾದ ಗ್ಲುಟಾಮಿಕ್ ಆಮ್ಲವೇ ಈ ಸಾಸಿನಲ್ಲಿಯೂ ಧಾರಾಳವಾಗಿರುತ್ತದೆ. ಟೋಕಿಯೊದ ಪಕ್ಕದ ಚಿಬಾ ಪ್ರಾಂತದ ನೋದಾ ಮತ್ತು ಚೋಶಿ ಎಂಬ ಊರುಗಳು ಟೋಕಿಯೊಗೆ ಎದೋ ಎಂಬ ಹೆಸರಿದ್ದ ಕಾಲದಿಂದಲೂ ಈ ಕಸುಬಿಗೆ ಹೆಸರಾದವು. ತಯಾರಾದ ಸಾಸು ನದಿಯ ದೋಣಿಗಳಲ್ಲಿ ಆ ಮಹಾನಗರವನ್ನು ಸೇರುತ್ತಿತ್ತು. ಇಂದು ನಮ್ಮ ಮಳಿಗೆಗಳಲ್ಲಿಯೂ ಕಾಣಸಿಗುವ ಕಿಕ್ಕೋಮನ್, ನೋದಾ ಮತ್ತು ಸುತ್ತಲಿನ ಸೋಯಾ ಮನೆತನಗಳು 1917ರಲ್ಲಿ ಒಟ್ಟಾಗಿ ಕಟ್ಟಿದ ಸಂಸ್ಥೆ.

ಮುಂಬೈಯ ಸಾಮಾನ್ಯ ಅಡುಗೆಮನೆಗೆ ಸೋಯಾ ಸಾಸ್ ಬಂದದ್ದು ಈ ದಾರಿಯಲ್ಲಲ್ಲ. ನಮಗೆ ಅದರ ಪರಿಚಯವಾದದ್ದು ಚೈನೀಸ್ ಗಾಡಿಗಳಿಂದ ಮತ್ತು ಮಂಚೂರಿಯನ್‌ನಿಂದ. ಬಾಣಸಿಗ ನೆಲ್ಸನ್ ವಾಂಗ್ ಅವರು 1975ರ ಸುಮಾರಿಗೆ ಇಲ್ಲಿನ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಮೊದಲು ಮಾಡಿದರೆಂದು ಹೇಳಲಾಗುವ ಆ ತಿನಿಸಿಗೆ ಬೇಕಾದದ್ದು ಕಡುಬಣ್ಣ ಮತ್ತು ಉಪ್ಪು. ಹಸಿಮೆಣಸು, ಶುಂಠಿ, ಬೆಳ್ಳುಳ್ಳಿಗಳ ಅಬ್ಬರದಲ್ಲಿ ಸಾಸಿನ ಸ್ವಂತ ಪರಿಮಳವನ್ನು ಯಾರೂ ಹುಡುಕುವುದಿಲ್ಲ. ಹಾಗಾಗಿ ಕಿರಾಣಿ ಅಂಗಡಿಯ ಅಗ್ಗದ ಬಾಟಲಿಗಳಲ್ಲಿ ಹಲವು ಆಮ್ಲದಿಂದ ಒಡೆದ ಸಸ್ಯ ಪ್ರೋಟೀನು, ಉಪ್ಪು, ಕ್ಯಾರಮೆಲ್ ಬಣ್ಣ ಮತ್ತು ಹುಳಿಗೆ ಅಸಿಟಿಕ್ ಆಮ್ಲ ಸೇರಿಸಿ ತಯಾರಾದವು. ಮಂಚೂರಿಯನ್‌ಗೆ ಅವು ಸಾಲುತ್ತವೆ, ಅದರ ಬಗ್ಗೆ ನನಗೆ ಯಾವ ದೂರೂ ಇಲ್ಲ. ಆದರೆ ತೆರಿಯಾಕಿಯಲ್ಲಿ ಸಾಸನ್ನು ಬತ್ತಿಸುತ್ತೇವೆ. ಬತ್ತಿಸಿದಾಗ ಆ ಕಟುವಾದ ಹುಳಿಯೂ ಕ್ಯಾರಮೆಲ್ಲಿನ ಕಹಿಯೂ ಇಮ್ಮಡಿಯಾಗುತ್ತವೆ. ಕೊಳ್ಳುವಾಗ ನೋಡಬೇಕಾದದ್ದು ಇಷ್ಟೇ: ಚೀಟಿಯಲ್ಲಿ ನೀರು, ಸೋಯಾ, ಗೋಧಿ, ಉಪ್ಪು ಇವು ನಾಲ್ಕರ ಆಚೆಗೆ ಹೆಚ್ಚೇನೂ ಇರಬಾರದು. ‘ಡಾರ್ಕ್’ ಎಂದು ಬರೆದದ್ದನ್ನು ಬಿಟ್ಟುಬಿಡಬೇಕು. ಕಂದು ಬಣ್ಣ ನಮ್ಮ ಕಾವಲಿಯಲ್ಲಿಯೇ ಬರಬೇಕಾದದ್ದು.

ಮಿರಿನ್ ಕುರಿತು ನಮ್ಮಲ್ಲಿ ಇನ್ನೂ ಹೆಚ್ಚಿನ ಗೊಂದಲವಿದೆ. ಅದನ್ನು ಅಕ್ಕಿಯ ವಿನೆಗರ್ ಎಂದು ತಿಳಿದು, ಅಥವಾ ವಿನೆಗರ್ ಅದಕ್ಕೆ ಬದಲಿಯಾಗಬಹುದೆಂದು ನಂಬಿ ಹಾಕುವವರನ್ನು ನಾನು ನೋಡಿದ್ದೇನೆ. ಮಿರಿನ್‌ನಲ್ಲಿ ಹುಳಿ ಎಂಬುದೇ ಇಲ್ಲ. ಅಂಟು ಅಕ್ಕಿಯನ್ನು ಬೇಯಿಸಿ, ಬೂಷ್ಟು ಹಿಡಿಸಿದ ಅಕ್ಕಿಯೊಂದಿಗೆ ಶೋಚು ಎಂಬ ಭಟ್ಟಿ ಮದ್ಯದಲ್ಲಿ ಒಂದೆರಡು ತಿಂಗಳು ನೆನೆಯಿಟ್ಟರೆ, ಮದ್ಯದ ಬಲಕ್ಕೆ ಯೀಸ್ಟು ತಲೆ ಎತ್ತಲಾರದೆ, ಅಕ್ಕಿಯ ಪಿಷ್ಟವೆಲ್ಲ ಸಕ್ಕರೆಯಾಗಿ ಹಾಗೆಯೇ ಉಳಿಯುತ್ತದೆ. ಹೀಗೆ ತಯಾರಾದ ನಿಜವಾದ ಮಿರಿನ್‌ನಲ್ಲಿ ಸುಮಾರು ಶೇಕಡಾ 14ರಷ್ಟು ಆಲ್ಕೋಹಾಲೂ ಶೇಕಡಾ 40ಕ್ಕೂ ಹೆಚ್ಚು ಸಕ್ಕರೆಯೂ ಇರುತ್ತವೆ. ಆ ಸಕ್ಕರೆಯ ಬಹುಪಾಲು ಗ್ಲೂಕೋಸ್. ನಾವು ಡಬ್ಬಿಯಿಂದ ತೆಗೆದು ಹಾಕುವ ಸಕ್ಕರೆ ಸುಕ್ರೋಸ್. ಅದು ಒಡೆಯುವವರೆಗೆ ಅಮೈನೋ ಆಮ್ಲಗಳೊಂದಿಗೆ ನೇರವಾಗಿ ವರ್ತಿಸುವುದಿಲ್ಲ. ಗ್ಲೂಕೋಸ್ ಹಾಗಲ್ಲ. ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದ, ರೊಟ್ಟಿಯನ್ನೂ ಹುರಿದ ಮಾಂಸವನ್ನೂ ಕಂದಾಗಿಸುವ ಆ ಕ್ರಿಯೆ ತೆರಿಯಾಕಿಯಲ್ಲಿ ಚುರುಕಾಗಿ ನಡೆಯಲು ಕಾರಣ ಇದು: ಸೋಯಾ ಸಾಸು ಅಮೈನೋ ಆಮ್ಲವನ್ನು ತರುತ್ತದೆ, ಮಿರಿನ್ ಗ್ಲೂಕೋಸನ್ನು ತರುತ್ತದೆ, ಬಿಸಿ ಕಾವಲಿ ಮಿಕ್ಕದ್ದನ್ನು ಮಾಡುತ್ತದೆ.

ಕ್ರಾಫರ್ಡ್ ಮಾರ್ಕೆಟಿನ ಆಮದು ಸಾಮಾನಿನ ಅಂಗಡಿಗಳಲ್ಲಿ ಮಿರಿನ್ ಹೆಸರಿನ ಬಾಟಲಿ ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು ಮಿರಿನ್‌ನಂತಹ ಸಿಹಿ ದ್ರವ. ಅದರಲ್ಲಿ ಆಲ್ಕೋಹಾಲ್ ಇರುವುದಿಲ್ಲ ಅಥವಾ ಅತ್ಯಲ್ಪ ಇರುತ್ತದೆ, ಸಿಹಿಗೆ ಗ್ಲೂಕೋಸ್ ಸಿರಪ್ ಇರುತ್ತದೆ. ಶುದ್ಧವಾದಿಗಳು ಮೂಗು ಮುರಿಯುತ್ತಾರೆ. ತೆರಿಯಾಕಿಯ ಮಟ್ಟಿಗೆ ಅದು ಅಷ್ಟೇನೂ ಕೆಟ್ಟದ್ದಲ್ಲವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಹೊಳಪಿಗೂ ಬಣ್ಣಕ್ಕೂ ಬೇಕಾದ ಗ್ಲೂಕೋಸ್ ಅದರಲ್ಲಿ ಇದ್ದೇ ಇದೆ. ಇಲ್ಲವಾಗುವುದು ಹುದುಗಿನ ಪರಿಮಳ ಮಾತ್ರ. ಅದೂ ಸಿಗದಿದ್ದರೆ 60 ಮಿಲಿಲೀಟರ್ ಮಿರಿನ್‌ಗೆ ಬದಲಾಗಿ ಅಷ್ಟೇ ವೈನು ಮತ್ತು 25 ಗ್ರಾಂ ಸಕ್ಕರೆ ಎಂಬ ಲೆಕ್ಕ ಹಿಡಿಯಬಹುದು. ಆ ಸಕ್ಕರೆಯಲ್ಲಿ ಒಂದು ಚಮಚದಷ್ಟನ್ನು ತೆಗೆದು ಅದರ ಜಾಗಕ್ಕೆ ಜೇನುತುಪ್ಪ ಅಥವಾ ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಗ್ಲೂಕೋಸ್ ಹಾಕಿದರೆ ಹೊಳಪು ಗಮನಕ್ಕೆ ಬರುವಷ್ಟು ಹೆಚ್ಚುತ್ತದೆ, ಆರಿದ ಮೇಲೆ ಸಕ್ಕರೆ ಹರಳುಗಟ್ಟುವ ಭಯವೂ ಇರುವುದಿಲ್ಲ. ಊರಿನಿಂದ ಬಂದ ಜೋನಿ ಬೆಲ್ಲವನ್ನೂ, ಇಲ್ಲಿ ಕೊಲ್ಲಾಪುರದ ಕಡೆಯಿಂದ ಬರುವ ಕಾಕವಿ ಎಂಬ ದ್ರವ ಬೆಲ್ಲವನ್ನೂ ಇದೇ ಕಾರಣಕ್ಕೆ ಬಳಸಬಹುದು. ಬಂಗುಡೆಯಂತಹ ಗಡುಸು ರುಚಿಯ ಮೀನಿಗೆ ಬೆಲ್ಲದ ಆ ಮಣ್ಣಿನ ಘಮ ಒಗ್ಗುತ್ತದೆ. ಕೋಳಿಗೆ ಹಾಕಿದರೆ ಬೆಲ್ಲವೇ ಮೇಲೆದ್ದು ನಿಂತುಬಿಡುತ್ತದೆ.

ಸಾಕೆಯ ವಿಷಯಕ್ಕೆ ಬಂದರೆ ಅದು ಈ ನಗರದಲ್ಲಿ ಸಿಗುವುದಿಲ್ಲವೆಂದಲ್ಲ, ಆದರೆ ಸುಂಕ ಸೇರಿದ ಬೆಲೆಯಲ್ಲಿ ಕೊಂಡು ಕಾವಲಿಗೆ ಸುರಿಯಲು ಮನಸ್ಸು ಬರುವುದಿಲ್ಲ. ನಾಸಿಕದ ಸಿಹಿಯಿಲ್ಲದ ಬಿಳಿ ವೈನು ಅದರ ಕೆಲಸವನ್ನು ಬಹುಮಟ್ಟಿಗೆ ಮಾಡುತ್ತದೆ. ವೈನಿನಲ್ಲಿ ದ್ರಾಕ್ಷಿಯ ಹುಳಿ ಇರುವುದರಿಂದ ಪ್ರಮಾಣ ಸ್ವಲ್ಪ ಕಡಿಮೆ ಇರಬೇಕು, ಅಷ್ಟೆ. ಗೋಡಂಬಿ ಫೆನಿಯನ್ನು ಹಾಕಿ ನೋಡೆಂದು ಗೋವೆಯ ಬಂಧುಗಳು ಪ್ರತಿ ಸಲವೂ ಸೂಚಿಸುತ್ತಾರೆ. ಫೆನಿಯ ವಾಸನೆ ಎದ್ದ ಮೇಲೆ ಮತ್ತೆ ಯಾವುದರ ವಾಸನೆಯೂ ಏಳುವುದಿಲ್ಲವೆಂದು ನಾನು ಪ್ರತಿ ಸಲವೂ ವಿನಯದಿಂದ ನಿರಾಕರಿಸುತ್ತೇನೆ. ಮಹಾರಾಷ್ಟ್ರದಲ್ಲಿ ಮದ್ಯವನ್ನು ಇಟ್ಟುಕೊಳ್ಳಲು 1949ರ ಪಾನನಿಷೇಧ ಕಾಯಿದೆಯ ಪ್ರಕಾರ ಪರವಾನಗಿ ಬೇಕೆಂಬುದು ಅಡುಗೆಯ ಪುಸ್ತಕಗಳು ಹೇಳದ ಇನ್ನೊಂದು ಸಂಗತಿ.

ನಮ್ಮ ಮುಲುಂಡಿನ ಕಟ್ಟಡದಲ್ಲಿ ಧಾರವಾಡದ ಕಡೆಯ ಒಂದು ಮನೆಯಿದೆ. ಆ ಮನೆಯಾಕೆ ಕುತೂಹಲದಿಂದ ಎಲ್ಲವನ್ನೂ ಕೇಳಿ ತಿಳಿದುಕೊಳ್ಳುವವಳು. ಆದರೆ ಅಡುಗೆಯಲ್ಲಿ ಮದ್ಯವೆಂದರೆ ಹಿಂದೆ ಸರಿಯುತ್ತಾಳೆ. “ಅಕ್ಕಾರ, ಇದ್ರಾಗ ಹೆಂಡ ಹಾಕ್ತಾರಂತಲ್ರೀ? ಕುದಿಸಿದ್ರ ಎಲ್ಲಾ ಹಾರಿ ಹೋಗ್ತದೇನ್ರೀ?” ಎಂದು ಕೇಳಿದಳು. ಹೌದೆಂದು ಹೇಳಿಬಿಡುವುದು ಸುಲಭವಿತ್ತು, ಬಹಳ ಜನ ಹಾಗೆಯೇ ಹೇಳುತ್ತಾರೆ. ನಿಜ ಹಾಗಿಲ್ಲ. ಆಲ್ಕೋಹಾಲ್ 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆಯಾದರೂ ನೀರಿನೊಂದಿಗೆ ಬೆರೆತಿರುವಾಗ ಪೂರ್ತಿಯಾಗಿ ಬಿಟ್ಟು ಹೋಗುವುದಿಲ್ಲ; ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ ಅಡುಗೆಯಲ್ಲಿ ಬೆರೆಸಿ 15 ನಿಮಿಷ ಸಣ್ಣಗೆ ಕುದಿಸಿದರೂ ಹಾಕಿದ್ದರ ಶೇಕಡಾ 40ರಷ್ಟು ಉಳಿದಿರುತ್ತದೆ. ಅಗಲವಾದ ಪಾತ್ರೆಯಲ್ಲಿ ಬತ್ತಿಸಿದರೆ ಇನ್ನಷ್ಟು ಹೋಗಬಹುದು, ಆದರೆ ವ್ರತನಿಯಮ ಇಟ್ಟುಕೊಂಡವರಿಗೆ ‘ಸ್ವಲ್ಪ’ ಎಂಬುದು ಉತ್ತರವಲ್ಲ. ಆಕೆಗೆ ನಾನು ಹೇಳಿಕೊಟ್ಟದ್ದು ಮದ್ಯವನ್ನು ಹಾಕದ ಕ್ರಮವನ್ನು. ಒಣಗಿದ ಶಿಟಾಕೆ ಅಣಬೆಗಳನ್ನು ನೆನೆಹಾಕಿದ ನೀರನ್ನು ವೈನಿನ ಜಾಗಕ್ಕೆ ತೆಗೆದುಕೊಳ್ಳಬೇಕು. ಅಣಬೆಯಲ್ಲಿರುವ ಗ್ವಾನಿಲೇಟ್ ಎಂಬ ಅಂಶ ಸೋಯಾದ ಗ್ಲುಟಾಮೇಟ್ ಜೊತೆ ಸೇರಿದಾಗ ಎರಡರ ರುಚಿಯೂ ಬಹಳಷ್ಟು ಹೆಚ್ಚುತ್ತದೆ. ಮೀನಿನ ವಾಸನೆಯನ್ನು ತಗ್ಗಿಸಲೆಂದು ಸಾಕೆ ಬೇಕಾಗುವುದು ನಮ್ಮಂಥವರಿಗೆ. ಪನೀರ್ ಅಥವಾ ಸುವರ್ಣಗೆಡ್ಡೆ ಬೇಯಿಸುವವರಿಗೆ ಆ ತೊಂದರೆಯೇ ಇಲ್ಲ.

ಅಳತೆಗಳನ್ನು ಒಮ್ಮೆ ಒಟ್ಟಾಗಿ ಹೇಳಿಬಿಡುತ್ತೇನೆ. ಎಲ್ಲವೂ ಸಿಕ್ಕಿದವರು ಸೋಯಾ ಸಾಸ್, ಮಿರಿನ್, ಸಾಕೆ ಇವುಗಳನ್ನು ತಲಾ 60 ಮಿಲಿಲೀಟರ್ ತೆಗೆದುಕೊಂಡು ಒಂದು ದೊಡ್ಡ ಚಮಚ, ಅಂದರೆ ಸುಮಾರು 15 ಗ್ರಾಂ, ಸಕ್ಕರೆ ಸೇರಿಸಬೇಕು. ಸಿಗದವರು 60 ಮಿಲಿಲೀಟರ್ ಸೋಯಾ ಸಾಸಿಗೆ 90 ಮಿಲಿಲೀಟರ್ ವೈನು ಅಥವಾ ಅಣಬೆಯ ನೀರು, ಒಟ್ಟು 40 ಗ್ರಾಂ ಸಿಹಿ, ಅದರಲ್ಲಿ ಒಂದು ಚಮಚ ಜೇನು ಅಥವಾ ಗ್ಲೂಕೋಸ್, ಎಂದು ಇಟ್ಟುಕೊಳ್ಳಬೇಕು. ಸಾಸಿಗೆ ಬೇರೆ ಉಪ್ಪು ಖಂಡಿತ ಬೇಡ. ಕೊಯ್‌ಕುಚಿಯಲ್ಲಿ ಉಪ್ಪಿನ ಪ್ರಮಾಣ ಸುಮಾರು ಶೇಕಡಾ 16. ಹಾಗಾದರೆ 60 ಮಿಲಿಲೀಟರಿನಲ್ಲಿಯೇ ಹತ್ತಿರ ಹತ್ತಿರ 10 ಗ್ರಾಂ ಉಪ್ಪಿದೆ, ವಿಶ್ವ ಆರೋಗ್ಯ ಸಂಸ್ಥೆ ಒಬ್ಬ ವಯಸ್ಕರಿಗೆ ದಿನವೊಂದಕ್ಕೆ ಸೂಚಿಸುವ ಮಿತಿ 5 ಗ್ರಾಂಗಿಂತ ಕಡಿಮೆ. ಈ ಅಳತೆಯ ಸಾಸು ನಾಲ್ವರಿಗೆ ಎರಡು ಊಟಕ್ಕೆ ಬರಬೇಕು. ಪಕ್ಕದಲ್ಲಿ ಉಪ್ಪಿಲ್ಲದ ಅನ್ನ ಇರುವುದು ಸುಮ್ಮನೆ ಅಲ್ಲ. ಉಪ್ಪಿನಕಾಯಿ, ಹಪ್ಪಳ, ಸಾರು ಎಲ್ಲವನ್ನೂ ಇಟ್ಟುಕೊಂಡು ಜೊತೆಗೆ ಇದನ್ನೂ ಬಡಿಸುವ ನಮ್ಮ ಕ್ರಮಕ್ಕೆ ತೆರಿಯಾಕಿ ಹೊಂದುವುದಿಲ್ಲ.

ಮದ್ಯ ಹಾಕುವವರು ಮೊದಲು ಅದನ್ನೊಂದೇ ಒಂದೆರಡು ನಿಮಿಷ ಕುದಿಸಿ, ಬಳಿಕ ಸೋಯಾ ಸಾಸನ್ನೂ ಸಿಹಿಯನ್ನೂ ಹಾಕಬೇಕು. ಆರಂಭದಲ್ಲಿ ನೊರೆಯೂ ದೊಡ್ಡ ಗುಳ್ಳೆಗಳೂ ಬೇಗ ಬೇಗ ಒಡೆಯುತ್ತಿರುತ್ತವೆ. ನೀರು ಹೋದಂತೆ ಗುಳ್ಳೆಗಳು ಸಣ್ಣದಾಗಿ, ದಟ್ಟವಾಗಿ, ನಿಧಾನವಾಗಿ ಒಡೆಯತೊಡಗುತ್ತವೆ. ಒಬ್ಬಟ್ಟಿನ ಹೂರಣಕ್ಕೋ ಕಡಲೆ ಉಂಡೆಗೋ ಪಾಕ ಹಿಡಿದು ಗೊತ್ತಿರುವ ಕೈಗೆ ಇಲ್ಲಿಂದ ಮುಂದೆ ಯಾರೂ ಹೇಳಿಕೊಡಬೇಕಾಗಿಲ್ಲ: ಒಂದೆಳೆ ಪಾಕಕ್ಕೆ ಇನ್ನೂ ಸಾಕಷ್ಟು ಹಿಂದೆ, ಎರಡು ಬೆರಳ ನಡುವೆ ಬರೀ ಅಂಟು ಬಂದು ಎಳೆ ಬಾರದಿರುವ ಹದದಲ್ಲಿ ಇಳಿಸಬೇಕು. ಸುಮಾರು 180 ಮಿಲಿಲೀಟರ್ ಇದ್ದದ್ದು 100ಕ್ಕೆ ಬಂದಿರುತ್ತದೆ. ಒಲೆಯ ಮೇಲೆ ಅದು ತೆಳ್ಳಗಿದೆಯೆಂದೇ ಕಾಣುತ್ತದೆ, ಕಾರ್ನ್‌ಫ್ಲೋರ್ ಡಬ್ಬಿಯ ಕಡೆಗೆ ಕೈ ಹೋಗುವುದೂ ಆಗಲೇ. ತಡೆಯಬೇಕು. ಆರಿದಾಗ ಸಾಸು ತಾನಾಗಿ ಮಂದವಾಗುತ್ತದೆ, ಮೀನಿನ ಮೇಲೆ ಅದನ್ನು ಮತ್ತೊಮ್ಮೆ ಬತ್ತಿಸುವುದೂ ಇದೆ. ಪಿಷ್ಟ ಹಾಕಿದ ಸಾಸು ಬಿಸಿಯಿರುವಾಗ ಹೊಳೆದರೂ ಫ್ರಿಜ್ಜಿನಲ್ಲಿ ರಾತ್ರಿ ಕಳೆದ ಮೇಲೆ ಮಬ್ಬಾಗಿ ಗಟ್ಟಿಯಾಗುತ್ತದೆ, ಅಂಚಿನಲ್ಲಿ ನೀರು ಬಿಡುತ್ತದೆ. ಅದಕ್ಕಿಂತ ದೊಡ್ಡ ದೋಷವೆಂದರೆ ಅದು ಮೀನಿನ ಮೇಲೆ ಹೊದಿಕೆಯಾಗಿ ಕೂರುತ್ತದೆಯೇ ಹೊರತು ಮೈಗೆ ಹತ್ತುವುದಿಲ್ಲ.

ಮೀನಿನ ಆಯ್ಕೆಯಲ್ಲಿ ನಮ್ಮ ಕರಾವಳಿಯವರಿಗೆ ಅನುಕೂಲವಿದೆ. ಜಪಾನಿನಲ್ಲಿ ತೆರಿಯಾಕಿಗೆ ಹೆಸರಾದದ್ದು ಚಳಿಗಾಲದಲ್ಲಿ ಕೊಬ್ಬು ತುಂಬಿಕೊಳ್ಳುವ ಬುರಿ ಎಂಬ ಮೀನು. ಎಣ್ಣೆಯಂಶ ಇರುವ ಮೀನಿಗೆ ಈ ಸಿಹಿ ಉಪ್ಪಿನ ಲೇಪ ಚೆನ್ನಾಗಿ ಹೊಂದುತ್ತದೆ. ಬಂಗುಡೆಯಲ್ಲಿ ಆ ಗುಣವಿದೆ, ಇಲ್ಲಿನವರು ಸುರ್ಮಯಿ ಎನ್ನುವ ಅಂಜಲಿನ ದಪ್ಪ ತುಂಡಿನಲ್ಲಿಯೂ ಇದೆ. ಪಾಂಪ್ಲೆಟ್ಟಿನ ನವುರು ರುಚಿ ಇದರಡಿ ಮುಚ್ಚಿಹೋಗುತ್ತದೆ. ಅದರ ಬೆಲೆಗೆ ಅದು ಅವಮಾನ. ತುಂಡುಗಳಿಗೆ ಚಿಟಿಕೆ ಉಪ್ಪು ಸವರಿ ಕಾಲು ಗಂಟೆ ಬಿಟ್ಟು, ಹೊರಬಂದ ನೀರನ್ನು ಬಟ್ಟೆಯಿಂದ ಒತ್ತಿ ತೆಗೆಯಬೇಕು. ಸ್ವಲ್ಪವೇ ಎಣ್ಣೆಯಲ್ಲಿ ಚರ್ಮದ ಬದಿಯನ್ನು ಮೊದಲು, ಅಲುಗಾಡಿಸದೆ, ಗರಿಯಾಗುವವರೆಗೆ ಬೇಯಿಸಿ, ಮಗುಚಿ, ಮುಕ್ಕಾಲು ಬೆಂದ ಮೇಲೆ ಮೀನನ್ನು ತಟ್ಟೆಗೆ ತೆಗೆದಿಡಬೇಕು.

ಇಲ್ಲಿ ಬರುವುದು ಎಲ್ಲಕ್ಕಿಂತ ಮುಖ್ಯವಾದ, ಆದರೆ ಹೆಚ್ಚಿನವರು ಬಿಟ್ಟುಬಿಡುವ ಕೆಲಸ: ಕಾವಲಿಯಲ್ಲಿ ಉಳಿದ ಎಣ್ಣೆಯನ್ನೆಲ್ಲ ಕಾಗದದಿಂದ ಒರೆಸಿ ತೆಗೆಯಬೇಕು. ಮೀನು ಕರಿದ ಎಣ್ಣೆಯನ್ನು ಚೆಲ್ಲುವುದೆಂದರೆ ನಮ್ಮವರಿಗೆ ಸಂಕಟ, ರುಚಿಯೆಲ್ಲ ಅದರಲ್ಲಿಯೇ ಇದೆ ಎಂಬ ನಂಬಿಕೆ. ಆದರೆ ಎಣ್ಣೆ ಹಚ್ಚಿದ ಮೈಗೆ ನೀರಿನ ಸಾಸು ಹಿಡಿಯುವುದಿಲ್ಲ, ಜಾರಿ ಕೆಳಗಿಳಿಯುತ್ತದೆ, ಕಾವಲಿಯ ತಳದಲ್ಲಿ ಕಪ್ಪಾಗುತ್ತದೆ. ಒರೆಸಿದ ಕಾವಲಿಗೆ ಸಾಸನ್ನು ಸುರಿದು, ಮೀನನ್ನು ಮತ್ತೆ ಇಟ್ಟು, ಕಾವಲಿಯನ್ನು ಓರೆಯಾಗಿ ಹಿಡಿದು, ಕೂಡಿದ ಸಾಸನ್ನು ಚಮಚದಿಂದ ಮೀನಿನ ಮೇಲೆ ಬಿಡುತ್ತಾ ಇರಬೇಕು. ನೀರಿನಂಶ ಸಾಕಷ್ಟು ಇರುವವರೆಗೆ ಸಾಸಿನ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ, ಬಣ್ಣ ಬದಲಾಗುವುದು ನಿಧಾನ. ತೆಳು ಪದರದಿಂದ ನೀರು ಹೋದೊಡನೆ ಬಿಸಿ ಸರ್ರನೆ ಏರಿ, ಮಯಾರ್ ಕ್ರಿಯೆಯೂ ಸಕ್ಕರೆ ಕಂದಾಗುವುದೂ ಒಟ್ಟಿಗೆ ಶುರುವಾಗುತ್ತವೆ. ಒಳ್ಳೆಯ ತೆರಿಯಾಕಿಗೂ ಸೀದದ್ದಕ್ಕೂ ನಡುವೆ ಅರೆ ನಿಮಿಷದ ಅಂತರವಿರುತ್ತದೆ, ಆ ಹೊತ್ತಿನಲ್ಲಿ ಬಾಗಿಲಿನ ಗಂಟೆ ಬಾರಿಸಿದರೆ ಬಾರಿಸಿದವರು ಕಾಯಬೇಕು. ಇದೇ ಕಾರಣಕ್ಕೆ ಮೀನನ್ನು ಮೊದಲೇ ಸಾಸಿನಲ್ಲಿ ನೆನೆಸಿಟ್ಟು ದೊಡ್ಡ ಉರಿಯಲ್ಲಿ ಸುಡುವುದೂ ಸರಿಯಲ್ಲ. ಒಳಗೆ ಬೇಯುವ ಮೊದಲು ಹೊರಗೆ ಕರಟುತ್ತದೆ.

ಬೆಳ್ಳುಳ್ಳಿ, ಎಳ್ಳೆಣ್ಣೆ, ಅನಾನಸು ಇವೆಲ್ಲ ಎಲ್ಲಿಂದ ಬಂದವೆಂದು ಕೇಳುವವರಿದ್ದಾರೆ. 19ನೆಯ ಶತಮಾನದಲ್ಲಿ ಹವಾಯಿಯ ಕಬ್ಬಿನ ತೋಟಗಳಿಗೆ ದುಡಿಯಲು ಹೋದ ಜಪಾನೀಯರ ಅಡುಗೆ ಅಲ್ಲಿನ ಸಾಮಗ್ರಿಯೊಂದಿಗೆ ಬೆರೆತು ಶುಂಠಿ, ಬೆಳ್ಳುಳ್ಳಿ, ಕಂದು ಸಕ್ಕರೆ, ಅನಾನಸಿನ ರಸ ಕೂಡಿದ ಬೇರೊಂದು ತೆರಿಯಾಕಿಯಾಯಿತು. ಸಿಯಾಟಲ್‌ನಲ್ಲಿ ತೋಶಿಹಿರೊ ಕಸಹಾರಾ 1976ರಲ್ಲಿ ತೆರೆದ ಸಣ್ಣ ಹೋಟೆಲಿನಿಂದ ಕೋಳಿಯ ತೆರಿಯಾಕಿ ಆ ಊರಿನ ನಿತ್ಯದ ಊಟವಾಗಿ ಹಬ್ಬಿತು. ಬಾಟಲಿಯ ಸಾಸು ಈ ಕವಲಿಗೆ ಸೇರಿದ್ದು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಮುಂಬೈಯಲ್ಲಿ ಸೋಯಾ ಸಾಸಿಗೆ ಬೆಳ್ಳುಳ್ಳಿ ಬಿದ್ದ ಕ್ಷಣವೇ ನಾಲಗೆ ಮಂಚೂರಿಯನ್ ಎಂದು ತೀರ್ಮಾನ ಮಾಡಿಬಿಡುತ್ತದೆ, ಆಮೇಲೆ ಎಷ್ಟು ಒಳ್ಳೆಯ ಮಿರಿನ್ ಹಾಕಿದ್ದರೂ ಉಪಯೋಗವಿಲ್ಲ. ಶುಂಠಿಯ ರಸ ಒಂದೆರಡು ಹನಿ ಸಾಕು, ಅದೂ ಬಂಗುಡೆಗೆ ಮಾತ್ರ.

ಜೂನ್ 1ರಿಂದ ಮೀನುಗಾರಿಕೆಯ ನಿಷೇಧ ಶುರುವಾದರೆ ಅಂಜಲಿನ ಬೆಲೆ ಕೈಗೆಟಕುವುದಿಲ್ಲ, ಸಿಕ್ಕಿದ್ದು ಮಂಜುಗಡ್ಡೆಯಲ್ಲಿ ಎಷ್ಟು ದಿನ ಇದ್ದದ್ದೋ ಎಂಬ ಅನುಮಾನ ಬೇರೆ. ಆ ತಿಂಗಳುಗಳಲ್ಲಿ ಸುವರ್ಣಗೆಡ್ಡೆಯನ್ನು ಅರ್ಧ ಇಂಚು ದಪ್ಪಕ್ಕೆ ಕೊಯ್ದು, ತುರಿಕೆ ಹೋಗುವಂತೆ ಹುಣಸೆಯ ನೀರಿನಲ್ಲಿ ಬೇಯಿಸಿ, ಚೆನ್ನಾಗಿ ಒಣಗಿಸಿ, ಕಾವಲಿಯಲ್ಲಿ ಎರಡೂ ಬದಿ ಕೆಂಪಗೆ ಮಾಡಿ ಇದೇ ಸಾಸನ್ನು ಹಿಡಿಸುತ್ತೇನೆ. ಮರಾಠಿ ಮನೆಗಳಲ್ಲಿ ಸುರಣದ ಕಾಪ್, ಅಂದರೆ ಸುವರ್ಣಗೆಡ್ಡೆಯ ಹುರಿದ ಹೋಳು, ಮಾಡುವ ತುಂಡೇ ಇದು. ಗೆಡ್ಡೆಯಲ್ಲಿ ಹುಣಸೆಯ ಹುಳಿ ಸ್ವಲ್ಪ ಉಳಿಯುವುದರಿಂದ ಆ ದಿನ ವೈನನ್ನು ಬಿಟ್ಟು ಅಣಬೆಯ ನೀರನ್ನು ಬಳಸುವುದು ಲೇಸು. ಪನೀರ್ ಕೂಡ ಆಗುತ್ತದೆ, ಆದರೆ ಪನೀರಿನ ನೀರನ್ನು ಮೊದಲು ಭಾರವಿಟ್ಟು ಹಿಂಡದಿದ್ದರೆ ಅದು ಕಾವಲಿಯಲ್ಲಿ ಬಿಡುವ ನೀರಿಗೆ ಸಾಸು ಬತ್ತುವುದೇ ಇಲ್ಲ.

ಉಳಿದ ಸಾಸನ್ನು ಒಣ ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಉಪ್ಪೂ ಸಕ್ಕರೆಯೂ ಎರಡೂ ಹೆಚ್ಚಿರುವುದರಿಂದ ಒಂದೆರಡು ವಾರ ಚೆನ್ನಾಗಿರುತ್ತದೆ. ಅಣಬೆಯ ನೀರು ಹಾಕಿದ್ದನ್ನು ನಾಲ್ಕೈದು ದಿನದೊಳಗೆ ಮುಗಿಸುವುದು ಒಳ್ಳೆಯದು. ಮೀನು ಮುಟ್ಟಿದ ಚಮಚವನ್ನು ಬಾಟಲಿಗೆ ಅದ್ದಬಾರದು. ತೀರ ಗಟ್ಟಿಯಾಗಿದ್ದರೆ ಬತ್ತಿಸಿದ್ದು ಹೆಚ್ಚಾಗಿದೆ ಎಂದರ್ಥ, ಒಂದು ಚಮಚ ಬಿಸಿನೀರು ಹಾಕಿ ಕದಡಿದರೆ ಸರಿಹೋಗುತ್ತದೆ. ತೆಳ್ಳಗಿದ್ದರೆ ಏನೂ ಮಾಡಬೇಕಾಗಿಲ್ಲ, ಮುಂದಿನ ಬಾರಿ ಕಾವಲಿಗೆ ಬಿದ್ದಾಗ ಅದು ತಾನೇ ಬತ್ತುತ್ತದೆ.